ಲಾಡಿಹುಳು: ಎಲೆಕೋಸಿನಲ್ಲಿ ಕಾಣುವುದಲ್ಲ

ಎಲೆಕೋಸಿನಿಂದ ಬಿಸಿನೀರಿಗೆ ಉದುರಿ ಹೊರಳಾಡುವ ಹಸಿರು ಹುಳುವಿನ ವಿಡಿಯೊ ಈ ವಾರ ಮೂರನೆಯ ಬಾರಿ ಬಂತು. ಅಡಿಯಲ್ಲಿ ಅದೇ ಒಕ್ಕಣೆ: ‘ಲಾಡಿಹುಳು! ಮಿದುಳಿಗೆ ಏರುತ್ತದೆ!’ ಅದು ಯಾವುದೋ ಪತಂಗದ ಮರಿ. ಅದಕ್ಕೆ ಕಾಲುಗಳಿವೆ, ಎಲೆ ಕಡಿಯುವ ಬಾಯಿದೆ. ಲಾಡಿಹುಳುವಿಗೆ ಕಾಲು ಹಾಗಿರಲಿ, ಬಾಯಿಯೂ ಇಲ್ಲ, ಕರುಳೂ ಇಲ್ಲ. ನಮ್ಮ ಕರುಳಿನಲ್ಲೇ ಬಿಡಾರ ಹೂಡಿದ ಮೇಲೆ ಸ್ವಂತದ್ದು ಬೇರೆ ಏಕೆ? ಜೀರ್ಣವಾದ ಆಹಾರವನ್ನು ಮೈಯಿಂದಲೇ ಹೀರಿಕೊಂಡು ಮೀಟರುಗಟ್ಟಲೆ ಬೆಳೆಯುತ್ತದೆ.

ಇಷ್ಟು ಚೆಂದದ ಹೆಸರಿದ್ದೂ ಈ ಗೊಂದಲ. ಲಂಗಕ್ಕೆ, ಪೈಜಾಮಕ್ಕೆ ಪೋಣಿಸುವ ಹಳೆಯ ಹತ್ತಿಯ ಲಾಡಿಯನ್ನು ನೆನೆಯಿರಿ: ಬಿಳಿ, ಚಪ್ಪಟೆ, ಎಳೆದಷ್ಟೂ ಬರುವಂಥದ್ದು. ಹುಳುವೂ ಹಾಗೆಯೇ. ಇದರ ಶಾಸ್ತ್ರೀಯ ಹೆಸರು ಟೀನಿಯಾ. ಅದರ ಮೂಲವಾದ ಗ್ರೀಕ್ ಪದಕ್ಕೂ ಪಟ್ಟಿ ಎಂದೇ ಅರ್ಥ. ಆದರೆ ಜಂತುಹುಳು ಎಂಬುದು ಪೂರ್ತಿ ಬೇರೆ ಮಾತು. ಸಂಸ್ಕೃತದ ‘ಜಂತು’ ಎಂದರೆ ಹುಟ್ಟಿದ್ದು, ಯಾವುದೇ ಜೀವಿ. ಅದಕ್ಕೆ ‘ಹುಳು’ ಅಂಟಿಸಿ ನಾವು ಹೊಟ್ಟೆಯೊಳಗಿನ ಹುಳುಗಳಿಗೆಲ್ಲ ಬಳಸುತ್ತೇವೆ. ಲಾಡಿಹುಳು ಜಂತುಹುಳುಗಳಲ್ಲಿ ಒಂದು, ಜಂತುಹುಳುಗಳೆಲ್ಲ ಲಾಡಿಹುಳುಗಳಲ್ಲ. ಫೆಬ್ರುವರಿ 10ರಂದು ಶಾಲೆಗಳಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಯ ಗುರಿ ದುಂಡುಹುಳು, ಕೊಕ್ಕೆಹುಳು, ಚಾಟಿಹುಳುಗಳು. ಅದನ್ನು ‘ಲಾಡಿಹುಳು ಮಾತ್ರೆ’ ಎಂದು ಬರೆಯುವವರು ದಯವಿಟ್ಟು ನಿಲ್ಲಿಸಬೇಕು.

ಇನ್ನು ಮಿದುಳಿನ ಮಾತು. ಹಂದಿಮಾಂಸದಲ್ಲಿ ಈ ಹುಳುವಿನ ಮರಿಗಳು ಪುಟ್ಟ ನೀರುಗುಳ್ಳೆಯಂಥ ಚೀಲಗಳಲ್ಲಿ ಇರುತ್ತವೆ. ಅದನ್ನು ಅರೆಬೇಯಿಸಿ ತಿಂದರೆ ಮರಿ ಕರುಳಿಗೆ ಕಚ್ಚಿಕೊಂಡು ಲಾಡಿಯಾಗುತ್ತದೆ. 1855ರಲ್ಲಿ ಜರ್ಮನಿಯ ವೈದ್ಯ ಕ್ಯೂಖೆನ್‌ಮೈಸ್ಟರ್ ಮರಣದಂಡನೆಗೆ ಗುರಿಯಾಗಿದ್ದ ಕೈದಿಯೊಬ್ಬನಿಗೆ ಅಂಥ ಚೀಲಗಳನ್ನು ತಿನ್ನಿಸಿ, ಶಿಕ್ಷೆಯ ನಂತರ ಹೊಟ್ಟೆ ಸೀಳಿ ಎಳೆಯ ಲಾಡಿಹುಳುಗಳನ್ನು ಕಂಡ. ಸಾಬೀತಾಯಿತು, ಹೇಸಿಗೆಯ ರೀತಿಯಲ್ಲಿ. ಇದು ಒಂದು ದಾರಿ. ಇನ್ನೊಂದು, ಲಾಡಿಹುಳು ಇರುವವರ ಮಲದಿಂದ ಹೊರಬಿದ್ದ ಮೊಟ್ಟೆಗಳು ಕೈ, ನೀರು, ಸೊಪ್ಪುಗಳ ಮೂಲಕ ಬಾಯಿಗೆ ಹೋಗುವುದು. ಮೊಟ್ಟೆ ಕಣ್ಣಿಗೆ ಕಾಣದು, ವಿಡಿಯೊದಲ್ಲಿ ಹೊರಳುವುದಂತೂ ಇಲ್ಲ. ಅದರಿಂದ ಕರುಳಿನಲ್ಲಿ ಲಾಡಿ ಬೆಳೆಯುವುದಿಲ್ಲ. ಮರಿ ರಕ್ತ ಸೇರಿ ಸ್ನಾಯುವಿನಲ್ಲಿಯೋ ಮಿದುಳಿನಲ್ಲಿಯೋ ಚೀಲ ಕಟ್ಟುತ್ತದೆ. ಮಾಂಸ ಮುಟ್ಟದವರಿಗೂ ಇದರಿಂದ ಮೂರ್ಛೆ ಬರುವುದು ಹೀಗೆ. ಮಿದುಳಿನಲ್ಲಿರುವುದು ಮರಿಯ ಚೀಲ, ಲಾಡಿಹುಳು ಅಲ್ಲ.

ಕರುಳಿನ ಲಾಡಿಹುಳುವಿಗೆ ಚಿಕಿತ್ಸೆ ಸುಲಭ: ಪ್ರಾಜಿಕ್ವಾಂಟೆಲ್ ಅಥವಾ ನಿಕ್ಲೊಸಮೈಡ್, ಸಾಮಾನ್ಯವಾಗಿ ಒಂದೇ ಬಾರಿ. ಆದರೆ ಅಂಗಡಿಯಿಂದ ನೀವೇ ತಂದು ನುಂಗುವಂಥದ್ದಲ್ಲ. ಮಾತ್ರೆ ಬರೆಯುವ ಮೊದಲು ವೈದ್ಯರು ‘ಎಂದಾದರೂ ಮೂರ್ಛೆ ಬಂದಿತ್ತೇ?’ ಎಂದು ಕೇಳುವುದಕ್ಕೆ ಕಾರಣವಿದೆ. ಮಿದುಳಿನಲ್ಲೂ ಚೀಲಗಳಿದ್ದರೆ ಪ್ರಾಜಿಕ್ವಾಂಟೆಲ್ ಅವುಗಳನ್ನು ಕೆಣಕಿ, ಸುತ್ತ ಊತ ತರಿಸಿ, ಅದುವರೆಗೆ ಇಲ್ಲದ ಸೆಳೆತವನ್ನು ಬರಿಸಬಹುದು.