ಅರೆದಾಗ ಹುಟ್ಟುವ ನುಗ್ಗೆಯ ಖಾರ

ನುಗ್ಗೆ ಸೊಪ್ಪು ಮುನ್ನೂರು ರೋಗಗಳಿಗೆ ಮದ್ದು ಎಂಬ ಸಂದೇಶ ರಾಯಚೂರು, ಕೊಪ್ಪಳದ ಮೊಬೈಲುಗಳಲ್ಲೂ ಹರಿದಾಡುತ್ತಿದೆ. ಜೋಳದ ರೊಟ್ಟಿಯ ಜೊತೆ ನುಗ್ಗಿ ಪಲ್ಯ ಉಣ್ಣುತ್ತ ಬಂದ ಸೀಮೆಗೆ ಈ ಜಾಹೀರಾತು ಬೇಕಿರಲಿಲ್ಲ. ಆ ಗಿಡದೊಳಗಿನ ರಸಾಯನವೇ ಅದಕ್ಕಿಂತ ಸ್ವಾರಸ್ಯಕರವಾಗಿದೆ.

ಬ್ಯಾಕ್ಟೀರಿಯಾಗಳನ್ನು ತಡೆಯುವ ನುಗ್ಗೆಯ ಮುಖ್ಯ ಅಸ್ತ್ರ ಎಲೆಯಲ್ಲಾಗಲಿ ಬೀಜದಲ್ಲಾಗಲಿ ಸಿದ್ಧರೂಪದಲ್ಲಿ ಇರುವುದಿಲ್ಲ. ಗ್ಲುಕೋಸಿನೊಲೇಟ್ ಎಂಬ ಗಂಧಕಯುಕ್ತ ವಸ್ತು ಒಂದೆಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದೆಡೆ ಇರುತ್ತವೆ. ಹುಳು ಕಡಿದಾಗಲೋ ಒರಳಿನಲ್ಲಿ ಅರೆದಾಗಲೋ ಇವೆರಡೂ ಬೆರೆತು, ಎಲೆ, ಅಡಿಕೆ, ಸುಣ್ಣ ಬಾಯಲ್ಲಿ ಕೂಡಿದ ಮೇಲೆಯೇ ಕೆಂಪೇರುವಂತೆ, ಐಸೋಥಯೋಸಯನೇಟ್ ಎಂಬ ಆ ಖಾರದ ಅಸ್ತ್ರ ಆಗ ಹುಟ್ಟುತ್ತದೆ. ಸಾಸಿವೆಯ ಘಾಟಿನ ಮೂಲವೂ ಇದೇ. ಎರಡೂ ಒಂದೇ ಗಣದ ಸಸ್ಯಗಳು. ನುಗ್ಗೆಯ ಬೇರಿಗೂ ಅದೇ ಖಾರವಿದ್ದುದರಿಂದ ಬ್ರಿಟಿಷರು ಅದನ್ನು ತಮ್ಮೂರಿನ ಹಾರ್ಸ್‌ರ‍್ಯಾಡಿಶ್ ಗಡ್ಡೆಯ ಬದಲಿಗೆ ಬಳಸಿದರು, ಬೇರಿನಲ್ಲಿ ವಿಷಾಂಶವಿದ್ದರೂ. ಆದರೆ ಸಾಸಿವೆಯ ಘಾಟು ಆವಿಯಾಗಿ ಮೂಗಿಗೇರಿ ಮುಗಿಯುತ್ತದೆ. ನುಗ್ಗೆಯ ಅಣುವಿಗೆ ರ‍್ಯಾಮ್ನೋಸ್ ಎಂಬ ಸಕ್ಕರೆ ಅಂಟಿಕೊಂಡಿರುವುದರಿಂದ ಅದು ಸುಲಭವಾಗಿ ಹಾರಿಹೋಗುವುದಿಲ್ಲ.

ಕುದಿಯುವ ನೀರಿಗೆ ಬಿದ್ದ ಸೊಪ್ಪಿನಲ್ಲಿ ಕಿಣ್ವ ಕೆಡುತ್ತದೆ. ಕರುಳಿನ ಸೂಕ್ಷ್ಮಾಣುಗಳು ಸ್ವಲ್ಪ ಮಟ್ಟಿಗೆ ಅದರ ಕೆಲಸ ಮಾಡುತ್ತವೆಯಾದರೂ, ಪ್ರಯೋಗಾಲಯದ ತಟ್ಟೆಯಲ್ಲಿ ಸಾರದ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ವೃತ್ತವನ್ನು ತೋರಿಸಿ ಪಲ್ಯವನ್ನು ಪ್ರತಿಜೀವಕ (ಆಂಟಿಬಯೋಟಿಕ್) ಎನ್ನುವುದು ಅವಸರದ ಮಾತು.

ಜೀವಕೋಶಗಳಿಗೆ ಹಾನಿ ಮಾಡುವ ಚುರುಕು ಅಣುಗಳನ್ನು ತಣಿಸುವ ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್) ಗುಣದ ಕಥೆಯೂ ಹಾಗೆಯೇ. ಸೊಪ್ಪಿನ ಕ್ವೆರ್ಸೆಟಿನ್, ಕ್ಲೋರೋಜೆನಿಕ್ ಆಮ್ಲಗಳು ಆ ಗುಣವನ್ನು ಅಳೆಯಲು ಬಳಸುವ ಡಿಪಿಪಿಎಚ್ ಎಂಬ ನೇರಳೆ ದ್ರಾವಣವನ್ನು ಹಳದಿಗೆ ತಿರುಗಿಸುತ್ತವೆ, ನಿಜ. ಆದರೆ ರಕ್ತಕ್ಕೆ ಸೇರುವ ಕ್ವೆರ್ಸೆಟಿನ್ ಅಲ್ಪ, ಅದರಲ್ಲೂ ಬಹುಪಾಲನ್ನು ಕರುಳು, ಯಕೃತ್ತುಗಳು ರೂಪಾಂತರಿಸಿಬಿಡುತ್ತವೆ. ಉತ್ಕರ್ಷಣ ನಿರೋಧಕ ಎಷ್ಟಿದ್ದರೂ ಒಳ್ಳೆಯದೇ ಎನ್ನುವವರು 1994ರಲ್ಲಿ ಪ್ರಕಟವಾದ ಫಿನ್‌ಲೆಂಡಿನ ಅಧ್ಯಯನವನ್ನು ನೋಡಬೇಕು: ಧೂಮಪಾನಿ ಪುರುಷರಲ್ಲಿ ಬೀಟಾ ಕ್ಯಾರೋಟಿನ್ ಎಂಬ ಉತ್ಕರ್ಷಣ ನಿರೋಧಕದ ಮಾತ್ರೆ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿ ಬಂದಿತ್ತು. ಇದು ಸೊಪ್ಪಿನ ಮೇಲಿನ ದೂರಲ್ಲ. ನುಗ್ಗೆಯ ಪ್ರೋಟೀನು, ಕ್ಯಾಲ್ಸಿಯಂ, ಎ ಜೀವಸತ್ವದ ಮೂಲವಸ್ತುಗಳಿಗಾಗಿಯೇ ಅದನ್ನು ವಾರಕ್ಕೆರಡು ಬಾರಿ ಉಣ್ಣಬಹುದು.

ಬೀಜದ ಸಂಗತಿ ಬೇರೆ. ಅದರ ಧನ ವಿದ್ಯುದಂಶದ ಪ್ರೋಟೀನುಗಳು ಋಣ ವಿದ್ಯುದಂಶವಿರುವ ಮಣ್ಣಿನ ಕಣಗಳನ್ನೂ ಅವುಗಳೊಡನೆ ಬಹುಪಾಲು ಬ್ಯಾಕ್ಟೀರಿಯಾಗಳನ್ನೂ ಗುಂಪುಗೂಡಿಸಿ ತಳಕ್ಕಿಳಿಸುತ್ತವೆ. ಮಳೆಗಾಲದ ತುಂಗಭದ್ರೆಯಂಥ ಕೆಂಪು ನೀರನ್ನು ತಿಳಿಗೊಳಿಸಲು ಇದು ಒದಗುತ್ತದೆ. ಆದರೆ ನೀರಿನಲ್ಲಿ ಉಳಿದ ಬೀಜದ ಅಂಶವನ್ನೇ ಉಂಡು ಬ್ಯಾಕ್ಟೀರಿಯಾಗಳು ಮತ್ತೆ ಹೆಚ್ಚಬಲ್ಲವಾದ್ದರಿಂದ, ತಿಳಿಯಾದ ನೀರನ್ನು ಸೋಸಿ, ಕುದಿಸಿಯೇ ಕುಡಿಯಬೇಕಾಗುತ್ತದೆ.