ಪ್ಲೇಗ್ ಲಸಿಕೆ: ಹೊರದೇಶದ ಸೇವೆಗೆ ಹೊರಟವರು ತಿಳಿದಿರಬೇಕಾದದ್ದು

ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಕಾಂಗೋಗೆ ಹೊರಟ ಯೋಧರು, ಆಫ್ರಿಕಾದ ಆಸ್ಪತ್ರೆಗಳಿಗೆ ಹೋಗುವ ನರ್ಸ್‌ಗಳು ಚಿಕ್ಕಮಗಳೂರಿನ ನಮ್ಮ ಕ್ಲಿನಿಕ್ಕಿಗೆ ಬಂದಾಗ, ಹಳದಿ ಜ್ವರದ ಲಸಿಕೆಯ ಪುಸ್ತಿಕೆಯನ್ನು ಮೇಜಿನ ಮೇಲಿಟ್ಟು, ‘ಡಾಕ್ಟ್ರೇ, ಪ್ಲೇಗಿಗೂ ಒಂದು ಇಂಜೆಕ್ಷನ್ ಕೊಟ್ಟುಬಿಡಿ’ ಎನ್ನುವುದುಂಟು. ಇಲಿ ಬಿದ್ದೊಡನೆ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡವರ ಕಥೆ ಕೇಳಿ ಬೆಳೆದವರಿಗೆ ಈ ಭಯ ಸಹಜವೇ. ಆದರೆ ಹಾಗೆ ಕೊಡಬಲ್ಲ ಪ್ಲೇಗ್ ಲಸಿಕೆ ಇಂದು ನಮ್ಮಲ್ಲಿ ಬಳಕೆಯಲ್ಲಿಲ್ಲ. ಬಳಕೆಯಲ್ಲಿದ್ದ ಕಾಲದಲ್ಲೂ ಅದರ ರಕ್ಷಣೆ ಅರೆಬರೆಯಾಗಿತ್ತು.

1897ರಲ್ಲಿ ವಿಜ್ಞಾನಿ ಹಾಫ್‌ಕಿನ್ ಮುಂಬಯಿಯಲ್ಲಿ ಸಿದ್ಧಪಡಿಸಿ ಮೊದಲು ತನ್ನ ಮೈಗೇ ಚುಚ್ಚಿಕೊಂಡದ್ದು ಸತ್ತ ರೋಗಾಣುಗಳ ಲಸಿಕೆ. ಅದೇ ಬಗೆಯ ಲಸಿಕೆಯನ್ನು ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರಿಗೂ ಕೊಡಲಾಯಿತು. ಸುತ್ತಲಿನ ನಾಗರಿಕರಲ್ಲಿ ಸಾವಿರಾರು ಮಂದಿಗೆ ಪ್ಲೇಗ್ ತಗುಲಿದರೂ ಸೈನಿಕರಲ್ಲಿ ಬೆರಳೆಣಿಕೆಯಷ್ಟೇ ಪ್ರಕರಣ ಕಂಡವು. ಲಸಿಕೆಯ ಪರವಾದ ಮುಖ್ಯ ಪುರಾವೆ ಇದೇ ಆದರೂ ಇದು ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡುವ ನಿಯಂತ್ರಿತ ಪ್ರಯೋಗದಿಂದ ದೊರೆತದ್ದಲ್ಲ. ಮೂರು ಡೋಸ್ ಮುಗಿಯಲು ತಿಂಗಳುಗಟ್ಟಲೆ ಬೇಕಿತ್ತು, ಬೂಸ್ಟರ್ ತಪ್ಪಿಸುವಂತಿರಲಿಲ್ಲ, ತೋಳು ಊದಿ ಜ್ವರ ಬರುತ್ತಿತ್ತು. ಎಲ್ಲಕ್ಕಿಂತ ಗಂಭೀರವಾದ ಕೊರತೆಯೆಂದರೆ, ಕೆಮ್ಮಿನ ಹನಿಗಳಿಂದ ಹರಡುವ ಶ್ವಾಸಕೋಶದ ಪ್ಲೇಗಿನಿಂದ ಅದು ಕಾಪಾಡುತ್ತದೆಂಬ ಭರವಸೆ ಇರಲಿಲ್ಲ. 2017ರಲ್ಲಿ ಮಡಗಾಸ್ಕರ್‌ನಲ್ಲಿ ಹೆಚ್ಚಾಗಿ ಹಬ್ಬಿದ್ದು ಈ ರೂಪವೇ. ಅಮೆರಿಕದಲ್ಲಿ ಆ ಲಸಿಕೆಯ ತಯಾರಿಕೆ 1999ರಲ್ಲಿ ನಿಂತಿತು.

ಕೊಪ್ಪ, ನರಸಿಂಹರಾಜಪುರದ ಕಡೆಯವರಿಗೆ ಇಂಥ ಲಸಿಕೆಯ ಮಿತಿಯನ್ನು ಹೆಚ್ಚು ವಿವರಿಸಬೇಕಿಲ್ಲ. ಮಂಗನ ಕಾಯಿಲೆಗೆ ಕೊಡುತ್ತಿದ್ದದ್ದೂ ಫಾರ್ಮಲಿನ್ ಎಂಬ ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿದ ರೋಗಾಣುಗಳ ಲಸಿಕೆಯೇ. ಬೂಸ್ಟರ್ ಮೇಲೆ ಬೂಸ್ಟರ್ ಬೇಕಿದ್ದ ಅದನ್ನು ಹಾಕಿಸಿಕೊಂಡವರಿಗೂ ಕಾಯಿಲೆ ಬಂದದ್ದನ್ನು ಅವರು ಕಂಡಿದ್ದಾರೆ.

ಆದ್ದರಿಂದ ಹೊರಡುವವರಿಗೆ ನಾನು ಹೇಳುವುದು ಇಷ್ಟು: ಪ್ಲೇಗ್ ಹರಡುವ ಚಿಗಟಗಳಿಂದ ಮೈ ಕಾಪಾಡಿಕೊಳ್ಳಿ, ಸತ್ತ ಇಲಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಶ್ವಾಸಕೋಶದ ಪ್ಲೇಗ್ ಇರುವವರ ಸಮೀಪ ಇದ್ದಿದ್ದರೆ ವೈದ್ಯರ ಸಲಹೆಯಂತೆ ಏಳು ದಿನ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳಿ. ರೋಗ ಸಾಮಾನ್ಯವಾಗಿ ಒಂದು ವಾರದೊಳಗೆ ತಲೆದೋರುವುದರಿಂದ, ಊರಿಗೆ ಮರಳಿದ ಹೊಸತರಲ್ಲಿ ಚಳಿಜ್ವರ ಬಂದು ತೊಡೆಸಂದಿಯಲ್ಲೋ ಕಂಕುಳಲ್ಲೋ ಮುಟ್ಟಲಾಗದಷ್ಟು ನೋಯುವ ಗಡ್ಡೆ ಕಂಡರೆ, ಎಲ್ಲಿಂದ ಬಂದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ. ಮಲೆನಾಡಿನಲ್ಲಿ ಜ್ವರವೆಂದರೆ ನಮಗೆ ಥಟ್ಟನೆ ಹೊಳೆಯುವುದು ಡೆಂಗಿ, ಇಲಿಜ್ವರ, ಮಂಗನ ಕಾಯಿಲೆ, ಪ್ಲೇಗ್ ಅಲ್ಲ. ಪೆನಿಸಿಲಿನ್ ಪ್ಲೇಗಿಗೆ ನಾಟುವುದಿಲ್ಲ. ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ, ಫಲಿತಾಂಶಕ್ಕೆ ಕಾಯದೆ ಜೆಂಟಾಮೈಸಿನ್ ಅಥವಾ ಸ್ಟ್ರೆಪ್ಟೊಮೈಸಿನ್ ಆರಂಭಿಸಬೇಕು. ಶ್ವಾಸಕೋಶಕ್ಕೆ ತಗುಲಿದ್ದರೆ, ಲಕ್ಷಣ ಕಂಡ 24 ಗಂಟೆಯೊಳಗೆ.