ಕರಾಟೆ ಹೊಡೆದಾಟಕ್ಕೆ ಆಗುತ್ತಾ? ಜೊತೆಗೆ ಕಲಿಯುತ್ತಿರುವವರಿಗೆ ಒಂದು ಟಿಪ್ಪಣಿ

2021ರ ಆಗಸ್ಟ್ 7. ಟೋಕಿಯೊ ಒಲಿಂಪಿಕ್ಸ್, ಪುರುಷರ 75 ಕೆ.ಜಿ. ಮೇಲ್ಪಟ್ಟವರ ಕುಮಿತೆ (ಕರಾಟೆಯಲ್ಲಿ ಇಬ್ಬರು ಎದುರುಬದುರಾಗಿ ಆಡುವ ಹೊಡೆದಾಟ) ಫೈನಲ್. ಸೌದಿ ಅರೇಬಿಯಾದ ತಾರೆಗ್ ಹಮೇದಿ 4-1ರಿಂದ ಮುಂದಿದ್ದ. ಆಗ ಅವನು ಬೀಸಿದ ಒದೆಗೆ ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದ, ಸ್ಟ್ರೆಚರ್ ಮೇಲೆ ಹೊತ್ತೊಯ್ದರು. ಚಿನ್ನ ಸಿಕ್ಕಿದ್ದು ಬಿದ್ದವನಿಗೆ! ಮಿತಿಮೀರಿ ಬಲ ಹಾಕಿದ್ದಕ್ಕೆ ಹಮೇದಿ ಅನರ್ಹನಾದ.

ಕರಾಟೆಯ ಒದೆಯಲ್ಲಿ ದಮ್ಮಿಲ್ಲ ಎನ್ನುವವರಿಗೆ ಅಲ್ಲೇ ಉತ್ತರವಿದೆ. ಆದರೆ ಏಟಿಗೆ ಅಂಕ ಕೊಡುವ ಇಂಥ ಪಾಯಿಂಟ್ ಆಟದಲ್ಲಿ ತಲೆಗೆ ತಾಗುವ ಮುನ್ನ ಏಟನ್ನು ತಡೆಹಿಡಿಯುವುದೇ ಕೌಶಲ. ಅದನ್ನೇ ವರ್ಷಗಟ್ಟಲೆ ರೂಢಿ ಮಾಡಿಕೊಂಡ ಕೈಕಾಲು ಬೀದಿಯಲ್ಲೂ ಹಾಗೇ ನಿಲ್ಲುವ ಅಪಾಯವಿದೆ. ಹಾಗಾಗಿ ಕೇಳಬೇಕಾದ್ದು ಯಾವ ಶೈಲಿ ಒಳ್ಳೆಯದು ಅಂತಲ್ಲ; ನಮ್ಮ ಕ್ಲಾಸಿನಲ್ಲಿ ದಿನವೂ ಮಾಡುವುದು ಏನು ಅಂತ.

ಹಿನ್ನೆಲೆ ಸ್ವಲ್ಪ ಬೇಕು. ಜಪಾನಿನ ಒಕಿನಾವಾ ದ್ವೀಪದ ಕರಾಟೆ ಗುರು ಅಂಕೊ ಇತೊಸು 1900ರ ದಶಕದ ಆರಂಭದಲ್ಲಿ ಕರಾಟೆಯನ್ನು ಶಾಲೆಗಳಿಗೆ ತಂದರು. ಮಕ್ಕಳ ಗುಂಪನ್ನು ಸಾಲಾಗಿ ನಿಲ್ಲಿಸಿ, ಎಣಿಕೆಗೆ ತಕ್ಕಂತೆ ಹೆಜ್ಜೆ ಹಾಕಿಸುವ ಪದ್ಧತಿ ಅಲ್ಲಿಂದ ಬೆಳೆಯಿತು. ನಾವು ಬೆಲ್ಟ್ ಪರೀಕ್ಷೆಗೆ ಮಾಡುವ ಐದು ಹೇಯಾನ್ ಕಟಾಗಳ (ಕಟಾ ಅಂದರೆ ಒಬ್ಬರೇ ಮಾಡುವ ನಿಗದಿತ ಚಲನೆಗಳ ಸರಣಿ) ಮೂಲ ರೂಪವೂ (ಪಿನಾನ್) ಅವರದ್ದೇ. 1908ರಲ್ಲಿ ಶಿಕ್ಷಣ ಇಲಾಖೆಗೆ ಬರೆದ ಹತ್ತು ಸೂತ್ರಗಳಲ್ಲಿ ಅವರು ಎರಡು ಮಾತು ಹೇಳುತ್ತಾರೆ. ಒಂದು, ಇದು ಒಬ್ಬ ಎದುರಾಳಿಯ ಜೊತೆ ಸ್ಪರ್ಧೆಗಲ್ಲ, ಪುಂಡರು ಮೇಲೆ ಬಿದ್ದಾಗ ಪೆಟ್ಟಾಗದಂತೆ ಪಾರಾಗುವುದಕ್ಕೆ. ಇನ್ನೊಂದು, ಅಭ್ಯಾಸ ದೇಹ ಬೆಳೆಸುವುದಕ್ಕೋ, ಪ್ರಯೋಗಕ್ಕೋ ಎಂದು ಮೊದಲೇ ನಿಶ್ಚಯಿಸಿಕೊಂಡು ಮಾಡಬೇಕು. ಈ ಎರಡನೆಯದನ್ನು ಹೆಚ್ಚಿನ ಕ್ಲಾಸುಗಳು ಮರೆತೇಬಿಟ್ಟಿವೆ ಅನ್ನುವುದು ನನ್ನ ತಕರಾರು.

ಉದಾಹರಣೆಗೆ ಹಿಕಿತೆ, ಅಂದರೆ ಒಂದು ಕೈ ಗುದ್ದುವಾಗ ಇನ್ನೊಂದನ್ನು ಸೊಂಟಕ್ಕೆ ಎಳೆದುಕೊಳ್ಳುವುದು. ಬಾಕ್ಸಿಂಗ್ ಕಲಿತವರು ಇದನ್ನು ನೋಡಿ ನಗುತ್ತಾರೆ, ನಗುವುದು ಸರಿಯೂ ಹೌದು. ಖಾಲಿ ಕೈಯನ್ನು ಸೊಂಟದಲ್ಲಿಟ್ಟರೆ ಗದ್ದ ಬಯಲಾಗುತ್ತದೆ. ಆದರೆ ಆ ಮುಷ್ಟಿಯೊಳಗೆ ಎದುರಾಳಿಯ ತೋಳಿದೆ ಎಂದುಕೊಂಡು ನೋಡಿ. ಅವನು ಬಲಗೈಯಲ್ಲಿ ನಿಮ್ಮ ಅಂಗಿಯ ಎದೆ ಹಿಡಿದಿದ್ದಾನೆ. ನಿಮ್ಮ ಎಡಗೈ ಅವನ ಮಣಿಕಟ್ಟನ್ನು ಮೇಲಿಂದ ಒತ್ತಿ ಹಿಡಿದು, ತಿರುಚುತ್ತಾ ಸೊಂಟದ ಕಡೆ ಜಗ್ಗುತ್ತದೆ. ಅವನ ಬಲ ಭುಜ ಮುಂದಕ್ಕೆ ಕುಸಿಯುತ್ತದೆ, ಭಾರವೆಲ್ಲ ಮುಂಗಾಲಿಗೆ ಬರುತ್ತದೆ, ಎಡಗೈ ದೂರ ಸರಿದುಹೋಗುತ್ತದೆ. ತಾನಾಗಿ ಮುಂದೆ ಬರುತ್ತಿರುವ ಮುಖಕ್ಕೆ ನಿಮ್ಮ ಬಲಗೈ ಎದುರಾಗುತ್ತದೆ. ಕಟಾದಲ್ಲಿ ಚಂದಕ್ಕೆಂದು ಕಾಣುವ ಆ ಚಲನೆಗೆ ಇರುವ ಕೆಲಸ ಇದು, ಅಂಗೈ ಅಳತೆಯ ಅಂತರದ್ದು.

ಚೊಕಿ ಮೊತೊಬು ಜಗಳಗಂಟನೆಂದೇ ಹೆಸರಾದ ಒಕಿನಾವಾದ ಗುರು. 1926ರಲ್ಲಿ ಅವರು ಪ್ರಕಟಿಸಿದ ಪುಸ್ತಕದ ಕುಮಿತೆ ಚಿತ್ರಗಳೂ ಹೀಗೇ ಮೈಗೆ ಮೈ ತಾಗುವಷ್ಟು ಹತ್ತಿರದವು.

ಈಗ ನಮ್ಮ ಇಪ್ಪೊನ್ ಕುಮಿತೆಗೆ ಬನ್ನಿ, ಅಂದರೆ ಒಬ್ಬ ಒಂದೇ ಏಟು ಹೊಡೆದು ಇನ್ನೊಬ್ಬ ತಡೆಯುವ ಜೋಡಿ ಅಭ್ಯಾಸ. ಎದುರಿಗಿರುವವನು ಹಿಂದೆ ಸರಿದು ಗೇದಾನ್ ಬರಾಯ್ (ಕೆಳಗಿನ ತಡೆ) ಹಾಕುತ್ತಾನೆ, "ಜೋದಾನ್" (ಮುಖದ ಎತ್ತರಕ್ಕೆ) ಎಂದು ಕೂಗಿ ಹೇಳುತ್ತಾನೆ, ಒಂದು ಉದ್ದ ಹೆಜ್ಜೆ ಇಟ್ಟು ಗುದ್ದಿ, ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟು ಕಾಯುತ್ತಾನೆ. ನಾವು ತಡೆದು ಗ್ಯಾಕು ಜುಕಿ (ಹಿಂದಿನ ಕೈಯ ಗುದ್ದು) ಕೊಡುತ್ತೇವೆ. ಹೀಗೆ ಮುನ್ಸೂಚನೆ ಕೊಟ್ಟು ಹೊಡೆಯುವ ರೌಡಿ ಎಲ್ಲಿದ್ದಾನೆ? ಬಸ್ ಸ್ಟ್ಯಾಂಡಿನ ಜಗಳ ಶುರುವಾಗುವುದು ಬೈಗುಳದಿಂದ. ಆಮೇಲೆ ಎದೆಗೆ ತಳ್ಳುತ್ತಾರೆ, ಕಾಲರ್ ಹಿಡಿಯುತ್ತಾರೆ, ಬಲಗೈ ಸುತ್ತಿಕೊಂಡು ಬರುತ್ತದೆ, ಅದರ ಬೆನ್ನಿಗೇ ಇನ್ನೆರಡು. ಇಪ್ಪೊನ್ ಕುಮಿತೆ ಅಂತರ ಮತ್ತು ನಿಲುವು ಕಲಿಸುವ ಪಾಠ, ಅಷ್ಟೇ. ಈಜುವುದನ್ನು ದಡದಲ್ಲಿ ಕೈ ಬೀಸಿ ಕಲಿತು ಹೊಳೆಗೆ ಇಳಿಯಲಾಗದು.

ಹಾಗಾದರೆ ಪ್ರತಿರೋಧದ ಜೊತೆ ಅಭ್ಯಾಸ ಮಾಡಿದರೆ ಏನಾಗುತ್ತದೆ? ಬ್ರೆಜಿಲ್ ದೇಶದ ಲ್ಯೋಟೊ ಮಚಿಡಾ ಅಪ್ಪನಿಂದ ಶೋಟೋಕಾನ್ ಶೈಲಿಯ ಕರಾಟೆ ಕಲಿತವರು. 2009ರ ಮೇ ತಿಂಗಳಲ್ಲಿ ರಶಾದ್ ಎವನ್ಸ್ ಅವರನ್ನು ಉರುಳಿಸಿ, ಗುದ್ದು, ಒದೆ, ಕುಸ್ತಿ ಎಲ್ಲವೂ ನಡೆಯುವ ಯುಎಫ್‌ಸಿ ಲೈಟ್ ಹೆವಿವೇಟ್ ಪ್ರಶಸ್ತಿ ಗೆದ್ದರು. ದೂರ ಕಾಯ್ದುಕೊಂಡು, ಎದುರಾಳಿ ಹೆಜ್ಜೆ ಇಟ್ಟ ಕ್ಷಣಕ್ಕೇ ನೇರ ಗುದ್ದು: ಕುಮಿತೆಯ ಸಮಯಪ್ರಜ್ಞೆಯೇ ಅದು. ಆದರೆ ಹಿಡಿದು ಮಣಿಸುವ ಕಲೆಯಾದ ಜುಜಿತ್ಸುವನ್ನೂ ಕಲಿತಿದ್ದರು ಎಂಬುದನ್ನು ಸೇರಿಸಿಯೇ ಹೇಳಬೇಕು. ಕರಾಟೆಯದೇ ಇನ್ನೊಂದು ಶೈಲಿಯಾದ ಕ್ಯೋಕುಶಿನ್‌ನವರು ಪೂರ್ಣ ಬಲದಿಂದ ಹೊಡೆದಾಡುತ್ತಾರೆ, ಅವರ ಮೈಗಟ್ಟಿಗೆ ಸಾಟಿಯಿಲ್ಲ. ಆದರೆ ಸ್ಪರ್ಧೆಯಲ್ಲಿ ಮುಖಕ್ಕೆ ಮುಷ್ಟಿ ಏಟು ನಿಷಿದ್ಧ, ಅದರಿಂದ ಕೈ ಕೆಳಗಿಳಿದೇ ಇರುತ್ತದೆ.

ನಾನು ಸೂಚಿಸುವ ಬದಲಾವಣೆ ಸಣ್ಣದು. ವಾರದಲ್ಲಿ ಒಂದು ತರಗತಿಯ ಕೊನೆಗೆ ಇಪ್ಪೊನ್ ಕುಮಿತೆಯನ್ನೇ ಗ್ಲೌಸ್, ಮೌತ್‌ಗಾರ್ಡ್ ಹಾಕಿಕೊಂಡು ಮಾಡಿ. ಹೊಡೆಯುವವನು ಮೊದಲು ತಳ್ಳಲಿ, ಎಲ್ಲಿಗೆ ಹೊಡೆಯುತ್ತೇನೆಂದು ಹೇಳದಿರಲಿ, ಒಂದಕ್ಕೇ ನಿಲ್ಲಿಸದಿರಲಿ. ಮಾಸ್ಟರ್ ಪಕ್ಕದಲ್ಲಿ ನಿಂತಿರಲಿ. ತಪ್ಪಿಸಿಕೊಳ್ಳುವವನು ಬಾಗಿಲ ತನಕ ತಲುಪಿದರೆ ಗೆದ್ದಂತೆ.

ಬಾಗಿಲು ಏಕೆಂದರೆ, ಆತ್ಮರಕ್ಷಣೆಯಲ್ಲಿ ಕಾನೂನೂ ಇದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಮೈ ಮತ್ತು ಆಸ್ತಿ ಕಾಪಾಡಿಕೊಳ್ಳುವ ಹಕ್ಕಿಗೆ ಸಂಬಂಧಿಸಿದವು. 37ನೇ ಸೆಕ್ಷನ್ ಪ್ರಕಾರ ರಕ್ಷಣೆಗೆ ಅಗತ್ಯವಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಕಾಲರ್ ಬಿಡಿಸಿಕೊಳ್ಳಲು ಕೊಟ್ಟ ಗುದ್ದಿಗೆ ಸಮರ್ಥನೆ ಸಿಕ್ಕೀತು. ಕೆಳಗೆ ಬಿದ್ದು ಸುಮ್ಮನಾದವನ ಪಕ್ಕೆಗೆ ಒದ್ದ ಮೇ ಗೇರಿಗೆ (ನೇರ ಮುಂದಕ್ಕೆ ಹಾಕುವ ಒದೆಗೆ) ಸಿಗುವುದಿಲ್ಲ, ಆಗ ಠಾಣೆಯಲ್ಲಿ ಆರೋಪಿಯ ಜಾಗದಲ್ಲಿ ನಿಲ್ಲುವವರು ನೀವು.